ಗ್ವಾದಲಿಯ ಕೂಸು: ಗಡಿಭಾಗದ ನಾತಾಳ

ಮಹಾರಾಷ್ಟ್ರದ ಗಡಿಗೆ ಹತ್ತಿದ ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದ ಕಡೆ ಕ್ರಿಸ್‌ಮಸ್‌ಗೆ ಇನ್ನೊಂದು ಹೆಸರು ನಾತಾಳ. ಮರಾಠಿ ಮತ್ತು ಕೊಂಕಣಿಯ ಹಾದಿಯಲ್ಲಿ ಬಂದ ಈ ಮಾತಿನ ಮೂಲ ಪೋರ್ಚುಗೀಸರ ‘ನತಾಲ್’, ಅಂದರೆ ಹುಟ್ಟಿದ ದಿನ. 1497ರ ಕ್ರಿಸ್‌ಮಸ್ ಹೊತ್ತಿಗೆ ವಾಸ್ಕೋ ಡ ಗಾಮನ ಹಡಗುಗಳು ಆಫ್ರಿಕದ ತೆಂಕಣ ಕರಾವಳಿಯಲ್ಲಿ ಸಾಗುತ್ತಿದ್ದವು. ಅಲ್ಲಿಯ ನೆಲಕ್ಕೆ ನೆಟಾಲ್ ಎಂಬ ಹೆಸರು ಬಿದ್ದದ್ದು ಅದರಿಂದಲೇ. ಅದೇ ಶಬ್ದ ಗೋವೆಗೆ ಬಂದು, ಘಟ್ಟ ಹತ್ತಿ, ದೂಧಗಂಗೆಯ ದಂಡೆಯ ಏಕಸಂಬಿಯಂಥ ಊರುಗಳ ಮಾತಿಗೂ ಸೇರಿದೆ. ಇಂಗ್ಲಿಷ್ ಶಾಲೆಗೆ ಹೋಗುವ ಮೊಮ್ಮಗ ಕ್ರಿಸ್‌ಮಸ್ ಎಂದರೆ ಅಜ್ಜ ನಾತಾಳ ಎನ್ನುತ್ತಾನೆ. ಹಬ್ಬ ಒಂದೇ.

ಈ ಭಾಗದಲ್ಲಿ ಕ್ರೈಸ್ತರ ಸಂಖ್ಯೆ ದೊಡ್ಡದಲ್ಲ. 2011ರ ಜನಗಣತಿಯಂತೆ ಇಡೀ ಕರ್ನಾಟಕದಲ್ಲಿ ಅವರ ಪ್ರಮಾಣ ಶೇ 1.87, ಬೆಳಗಾವಿ ಜಿಲ್ಲೆಯಲ್ಲಿ ಶೇ 1ಕ್ಕಿಂತಲೂ ಕಡಿಮೆ. ಆದರೆ ಈ ಸಣ್ಣ ಸಮುದಾಯದೊಳಗೆ ಮೂರು ನಾಲ್ಕು ಧಾರೆಗಳಿವೆ. ಲಂಡನ್ ಮಿಶನರಿ ಸೊಸೈಟಿಯ ಜೋಸೆಫ್ ಟೇಲರ್ ಬೆಳಗಾವಿಗೆ ಬಂದದ್ದು 1820ರಲ್ಲಿ. ಆ ಕೆಲಸ 1904ರಲ್ಲಿ ಅಮೆರಿಕದ ಮೆಥೊಡಿಸ್ಟರ ಕೈಗೆ ಹೋಯಿತು. ಕೊಲ್ಲಾಪುರಕ್ಕೆ ಮಿಶನರಿ ರಾಯಲ್ ವೈಲ್ಡರ್ 1852ರಲ್ಲಿ ಬಂದರು. ಮಿರಜದಲ್ಲಿ ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ಕಟ್ಟಿದರು. ಕಾಗವಾಡ, ಅಥಣಿಯ ಹಳೆಯ ತಲೆಮಾರಿಗೆ ಕಷ್ಟದ ಬೇನೆ ಬಂದರೆ ‘ಮಿರಜಿಗೆ ಒಯ್ಯಿರಿ’ ಎನ್ನುವ ಮಾತು ಹತ್ತಿದ್ದು ಈ ಆಸ್ಪತ್ರೆಯಿಂದ. ಕಥೋಲಿಕರದ್ದು ಗೋವೆಯ ನಂಟು. ಬೆಳಗಾವಿಗೆ ತನ್ನದೇ ಧರ್ಮಪ್ರಾಂತ ಆದದ್ದು 1953ರಲ್ಲಿ. ಹೀಗಾಗಿ ಇಲ್ಲಿ ಒಂದೇ ಬಳಗದೊಳಗೆ ಕನ್ನಡದಲ್ಲಿ ಪ್ರಾರ್ಥಿಸುವವರು, ಮರಾಠಿ ಹಾಡು ಹಾಡುವವರು, ಕೊಂಕಣಿಯಲ್ಲಿ ಹರಟುವವರು ಒಟ್ಟಿಗೆ ಸಿಗುವುದು ಹೊಸತೇನಲ್ಲ. ಬೀಗತನ ಗಡಿಯನ್ನು ಕೇಳುವುದಿಲ್ಲ.

ಬಳಗ ಕೂಡುವುದೇ ನಾತಾಳದ ಮೊದಲ ಕೆಲಸ. ಪುಣೆಗೆ, ಗೋವೆಗೆ, ಬೆಂಗಳೂರಿಗೆ ದುಡಿಯಲು ಹೋದವರು ಡಿಸೆಂಬರ್ ಮೂರನೆಯ ವಾರದಿಂದ ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಬೆಂಗಳೂರಿನವರಿಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಮಲಗಿದರೆ ಬೆಳಿಗ್ಗೆ ರಾಯಬಾಗ ಅಥವಾ ಕುಡಚಿ. ನಿಲ್ದಾಣದಿಂದ ಊರಿಗೆ ಹೋಗುವ ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು, ಏಕೆಂದರೆ ಕಾರ್ಖಾನೆಗಳು ನುರಿಸುವ ಹಂಗಾಮು ಅದೇ. ಬರುವವರ ಚೀಲದಲ್ಲಿ ಗೋಕಾಕದ ಕರದಂಟು, ಬೆಳಗಾವಿ ಕುಂದಾ, ಗೋವೆಯ ಕಡೆಯವರಾದರೆ ದೊದೊಲ್ ಮತ್ತು ಬೆಬಿಂಕ. ಮನೆಯ ಮಕ್ಕಳು ಮೊದಲು ನೋಡುವುದು ಚೀಲವನ್ನು, ಆಮೇಲೆ ಕಾಕಾನನ್ನು.

ಕ್ಯಾಲೆಂಡರಿನ ಲೆಕ್ಕದಲ್ಲಿ ಹಬ್ಬ ಶುರುವಾಗುವುದು ಡಿಸೆಂಬರ್ 25ಕ್ಕೆ. ಚರ್ಚಿನ ಲೆಕ್ಕದಲ್ಲಿ ಅದಕ್ಕೂ ಮುಂಚೆ ನಾಲ್ಕು ಭಾನುವಾರಗಳ ಆಗಮನ ಕಾಲವಿದೆ. ಭಾನುವಾರಕ್ಕೊಂದರಂತೆ ನಾಲ್ಕು ಮೇಣಬತ್ತಿ. ಮೂರು ನೇರಳೆ, ಒಂದು ಗುಲಾಬಿ ಬಣ್ಣದ್ದು. ಸಣ್ಣ ಮಕ್ಕಳಿಗೆ ತಾರೀಖು ತಿಳಿಯುವುದಿಲ್ಲ, ಬತ್ತಿ ಎಣಿಸಲು ಬರುತ್ತದೆ. ‘ಇನ್ನ ಎಷ್ಟು ದಿವಸ’ ಎಂಬ ಪ್ರಶ್ನೆಗೆ ಉಳಿದ ಬತ್ತಿಯನ್ನು ತೋರಿಸಿದರಾಯಿತು.

ಮಕ್ಕಳ ಪಾಲಿನ ದೊಡ್ಡ ಕೆಲಸ ಗೋದಲಿ ಕಟ್ಟುವುದು. ಯೇಸುವನ್ನು ಹೆತ್ತ ಮರಿಯಳು ಮಗುವನ್ನು ಬಟ್ಟೆಯಲ್ಲಿ ಸುತ್ತಿ ದನದ ಮೇವಿನ ತೊಟ್ಟಿಯಲ್ಲಿ ಮಲಗಿಸಿದಳೆಂದು ಲೂಕನ ಸುವಾರ್ತೆ ಹೇಳುತ್ತದೆ. ಆ ತೊಟ್ಟಿಗೆ ಕನ್ನಡ ಬೈಬಲಿನಲ್ಲಿ ಗೋದಲಿ ಎಂಬ ಮಾತಿದೆ. ಪಟ್ಟಣದ ಮಗುವಿಗೆ ಅದನ್ನು ಚಿತ್ರ ತೋರಿಸಿ ಹೇಳಬೇಕು. ಚಿಕ್ಕೋಡಿ ಕಡೆಯ ಮಗು ಅದನ್ನು ದಿನಾ ನೋಡುತ್ತದೆ, ಗ್ವಾದಲಿ ಎಂದು ಕರೆಯುತ್ತದೆ. ಕಣಕಿ ತಿಂದು ಉಳಿದ ದಂಟು, ಎಮ್ಮೆಯ ಬಿಸಿ ಉಸಿರು, ಗಂಜಳದ ವಾಸನೆ, ಇವೆಲ್ಲ ಸೇರಿದ ಜಾಗ ಅದು. ಅಂಥಲ್ಲಿ ಹಸುಗೂಸನ್ನು ಮಲಗಿಸಿದರು ಎಂದರೆ ಅದರ ಬಡತನ ಎಷ್ಟು ಎಂಬುದನ್ನು ಇಲ್ಲಿಯ ಮಗುವಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಎಮ್ಮಿ ನೆಕ್ಕಲಿಲ್ಲೇನು?’ ಎಂದು ಕೇಳುವ ಮಗು ಕತೆಯನ್ನು ಸರಿಯಾಗಿಯೇ ಕೇಳಿಸಿಕೊಂಡಿದೆ.

ದೇವರ ಮನೆಯ ಮೂಲೆಯಲ್ಲೋ ಪಡಸಾಲೆಯಲ್ಲೋ ಹೀಗೆ ಗೋದಲಿಯ ದೃಶ್ಯ ಕಟ್ಟುವ ರೂಢಿಗೆ ಎಂಟುನೂರು ವರ್ಷ ದಾಟಿದೆ. ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಹಳ್ಳಿಯಲ್ಲಿ 1223ರ ಕ್ರಿಸ್‌ಮಸ್ ರಾತ್ರಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ಹಾಸಿ, ಜೀವಂತ ಎತ್ತು, ಕತ್ತೆ ನಿಲ್ಲಿಸಿ ಊರ ಜನರಿಗೆ ಕತೆಯನ್ನು ಕಣ್ಣಿಗೆ ಕಟ್ಟುವಂತೆ ಮಾಡಿದ. ಬೈಬಲಿನ ಕತೆಯಲ್ಲಿ ಎತ್ತು, ಕತ್ತೆಗಳ ಪ್ರಸ್ತಾಪವೇ ಇಲ್ಲ. ಕುರುಬರು ಬರುವುದು ಲೂಕನಲ್ಲಿ, ನಕ್ಷತ್ರ ನೋಡಿ ಮೂಡಣದ ಜ್ಞಾನಿಗಳು ಬರುವುದು ಮತ್ತಾಯನಲ್ಲಿ. ಮನೆಯ ಗೋದಲಿಯಲ್ಲಿ ಇವರೆಲ್ಲರೂ ಒಂದೇ ಚಪ್ಪರದ ಕೆಳಗೆ ಇರುತ್ತಾರೆ. ಮಕ್ಕಳ ಕೃಪೆಯಿಂದ ಒಂದು ಪ್ಲಾಸ್ಟಿಕ್ ಹುಲಿ, ಗಾಲಿ ಮುರಿದ ಜೀಪು ಕೂಡ.

ಈ ಭಾಗದ ಮಕ್ಕಳ ಕೈಗೆ ಮಣ್ಣಿನ ಪಳಗು ಮೊದಲೇ ಇದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡಿ ಎತ್ತು ಮಾಡುವುದನ್ನು ಓಣಿಯಲ್ಲಿ ಕಂಡಿರುತ್ತಾರೆ. ನಿಪ್ಪಾಣಿ, ಬೆಳಗಾವಿಯ ಓಣಿಗಳಲ್ಲಿ ದೀಪಾವಳಿಗೆ ಕಲ್ಲು ಮಣ್ಣು ಪೇರಿಸಿ ಕಿಲ್ಲೆ ಕಟ್ಟಿ, ಮೇಲೆ ಶಿವಾಜಿಯ ಗೊಂಬೆ ಕೂಡಿಸುತ್ತಾರೆ. ತಿಂಗಳೊಪ್ಪತ್ತಿನ ಮೇಲೆ ಅದೇ ಕೈಗಳು ಬೆತ್ಲೆಹೇಮಿನ ಗುಡ್ಡ ಕಟ್ಟುತ್ತವೆ. ಗುಡ್ಡದ ಬುಡಕ್ಕೆ ಹಸಿರು ಬೇಕಲ್ಲ, ಅದಕ್ಕೆ ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹರಡಿ, ಒಂದು ರಾತ್ರಿ ನೆನೆಸಿದ ಗೋಧಿಯನ್ನು ಒತ್ತಾಗಿ ಬಿತ್ತುತ್ತಾರೆ. ನವರಾತ್ರಿಯ ಘಟಕ್ಕೆ ಬಿತ್ತುವ ಕ್ರಮವೇ ಇದು. ಗೋವೆಯವರು ರಾಗಿಯನ್ನೂ ಬಿತ್ತುವುದುಂಟು. ಡಿಸೆಂಬರ್ 14-15ಕ್ಕೆ ಬಿತ್ತಿದರೆ 24ಕ್ಕೆ ಗೇಣುದ್ದಕ್ಕೆ ಹತ್ತಿರ ಬರುತ್ತದೆ. ಚಳಿ ಜಾಸ್ತಿಯಾದರೆ ಮೊಳಕೆ ತಡ. ಬಿಸಿಲಿಗಿಟ್ಟರೆ ಹಸಿರು, ಒಳಗೇ ಬಿಟ್ಟರೆ ಹಳದಿ. ನೀರು ಹಾಕುವ ಕೆಲಸ ಒಂದೇ ಮಗುವಿಗೆ ವಹಿಸಬೇಕು. ಮೂವರಿಗೆ ವಹಿಸಿದರೆ ಮೂವರೂ ಹಾಕಿ ಬೇರು ಕೊಳೆಯುತ್ತದೆ.

ಚಪ್ಪರಕ್ಕೆ ಜೋಳದ ದಂಟು ಸಾಕು, ಹೊದಿಕೆಗೆ ಕಬ್ಬಿನ ಒಣ ರವದಿ. ಅಂಗಡಿಯಿಂದ ತಂದ ಹತ್ತಿಯ ಹಿಮವನ್ನು ಅದರ ಮೇಲೆ ಉದುರಿಸುವುದು ಈಗೀಗ ಹೆಚ್ಚಾಗಿದೆ. ಬೆತ್ಲೆಹೇಮಿನ ಸುತ್ತಲಿನ ಕಲ್ಲುಗುಡ್ಡ, ಮುಳ್ಳುಕಂಟಿಯ ಒಣ ನೆಲ ಯುರೋಪಿನ ಗ್ರೀಟಿಂಗ್ ಕಾರ್ಡಿಗಿಂತ ಅಥಣಿಯ ಮಡ್ಡಿ ನೆಲಕ್ಕೇ ಹತ್ತಿರ. ಹತ್ತಿ ಬಿಟ್ಟರೆ ನಷ್ಟವಿಲ್ಲ.

ಮಗುವಿನ ಮೂರ್ತಿಯನ್ನು ಮಾತ್ರ 24ರ ರಾತ್ರಿಯವರೆಗೆ ಇಡುವುದಿಲ್ಲ. ಗೋದಲಿ ಖಾಲಿ ಇರುತ್ತದೆ. ಯಾರು ಇಡಬೇಕು ಎಂಬುದು ಮನೆತನದ ದೊಡ್ಡ ಪ್ರಶ್ನೆ. ಎಲ್ಲರಿಗಿಂತ ಸಣ್ಣ ಮಗು ಇಡಬೇಕೆಂಬ ರೂಢಿ ಇರುವಲ್ಲಿ ಹೋದ ವರ್ಷ ಇಟ್ಟ ಮಗುವಿಗೆ ಈ ವರ್ಷ ತಮ್ಮನೋ ತಂಗಿಯೋ ಹುಟ್ಟಿ ಹಕ್ಕು ತಪ್ಪಿ ಹೋಗಿರುತ್ತದೆ. ಇಂಥ ಕಡೆ ಆಯಿಯ ತೀರ್ಪೇ ಕೊನೆ: ಒಬ್ಬರು ಹುಲ್ಲು ಹಾಸಲಿ, ಇನ್ನೊಬ್ಬರು ಕೂಸು ಇಡಲಿ.

ಮನೆಯ ಮುಂದೆ ತೂಗುವ ನಕ್ಷತ್ರವೂ ಹೊರಗಿನದೆಂದು ಅನಿಸುವುದಿಲ್ಲ. ದೀಪಾವಳಿಗೆ ಬಿದಿರ ಸೀಳಿಗೆ ಬಣ್ಣದ ಕಾಗದ ಅಂಟಿಸಿ ಏರಿಸುವ ಆಕಾಶಬುಟ್ಟಿಯ ಅಣ್ಣತಮ್ಮ ಅದು. ಸೀಳುಗಳನ್ನು ಕೂಡಿಸುವ ಲೆಕ್ಕ ಮಾತ್ರ ಬೇರೆ: ಐದು ಸಮನಾದ ಸೀಳುಗಳನ್ನು ಕಟ್ಟಿದ ಎರಡು ನಕ್ಷತ್ರ ಮಾಡಿ, ತುದಿಗೆ ತುದಿ ಹೊಂದಿಸಿ ಬಿಗಿದು, ನಡುವೆ ಐದು ಗಿಡ್ಡ ಕಡ್ಡಿ ನಿಲ್ಲಿಸಿದರೆ ಹೊಟ್ಟೆ ಉಬ್ಬುತ್ತದೆ. ಒಳಗೆ ಬಲ್ಬು ಹೋಗಲು ಒಂದು ಕಡೆ ಕಾಗದ ಅಂಟಿಸದೆ ಬಿಡಬೇಕು. ಇದನ್ನು ಎಲ್ಲ ಅಂಟಿಸಿ ಮುಗಿಸಿದ ಮೇಲೆ ನೆನೆಯುವವರೇ ಹೆಚ್ಚು.

ಅಡುಗೆಮನೆಯಲ್ಲಿ ನಾತಾಳ ಒಂದು ವಾರ ಮೊದಲೇ ಕೂತಿರುತ್ತದೆ. ಮಂಗಳೂರು, ಗೋವೆಯ ಕಡೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆಗೆ ಕುಸ್ವಾರ್ ಎನ್ನುತ್ತಾರೆ: ನೆವ್ರಿ, ಕಿಡಿಯೊ, ಗುಳಿಯೊ, ರೋಜ್ ಕುಕ್ಕಿ. ಗಡಿಭಾಗದ ಮರಾಠಿ, ಕನ್ನಡ ಕ್ರೈಸ್ತರ ಮನೆಗಳಲ್ಲಿ ಅದು ಫರಾಳ. ಕರ್ಚಿಕಾಯಿ, ಶಂಕರಪಾಳಿ, ಚಕ್ಕಲಿ, ಚಿವಡಾ, ಅನಾರಸ. ದೀಪಾವಳಿಗೆ ನೆರೆಮನೆಯಿಂದ ತಟ್ಟೆ ಬಂದಿರುತ್ತದೆ. ನಾತಾಳಕ್ಕೆ ಆ ತಟ್ಟೆ ಅದೇ ತಿಂಡಿ ಹೊತ್ತು ತಿರುಗಿ ಹೋಗುತ್ತದೆ. ಕೊಂಕಣಿಯವರ ನೆವ್ರಿ ಮತ್ತು ಇಲ್ಲಿಯ ಕರ್ಚಿಕಾಯಿ ಬೇರೆಬೇರೆ ಎಂದು ಎರಡೂ ಕಡೆಯ ಹೆಂಗಸರು ವಾದಿಸುತ್ತಾರೆ. ತಿಂದವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಕರ್ಚಿಕಾಯಿ ಒಬ್ಬರ ಕೈಯ ಕೆಲಸವಾಗಿರಲು ಸಾಧ್ಯವಿಲ್ಲ, ಅದಕ್ಕೇ ಅದು ಬಳಗದ ತಿಂಡಿ. ಮೈದಾಕ್ಕೆ ಸ್ವಲ್ಪ ಸಣ್ಣ ರವೆ ಕೂಡಿಸಿ, ಕಾಯಿಸಿದ ಎಣ್ಣೆ ಸುರಿದು, ಗಟ್ಟಿಯಾಗಿ ನಾದಿ, ಹಸಿ ಬಟ್ಟೆ ಮುಚ್ಚಿ ಇಡಬೇಕು. ಒಣಕೊಬ್ಬರಿ ತುರಿದು ಹುರಿಯುವವರು ಒಬ್ಬರು, ಪುಟಾಣಿ ಪುಡಿ, ಗಸಗಸೆ, ಯಾಲಕ್ಕಿ, ಸಕ್ಕರೆ ಕಲಸುವವರು ಇನ್ನೊಬ್ಬರು. ವೈನಿ ಲಟ್ಟಿಸಿದಂತೆ ಕಾಕು ತುಂಬುತ್ತಾಳೆ. ಅಂಚಿಗೆ ಹಾಲು ಸವರಿ ಮಡಚಿ, ಹಲ್ಲಿನ ಗಾಲಿಯಿಂದ ಕತ್ತರಿಸುವ ಕೆಲಸಕ್ಕೆ ಏಳೆಂಟು ವರ್ಷದ ಮಕ್ಕಳು ಸರದಿಯಲ್ಲಿ ಕೂತಿರುತ್ತಾರೆ. ಅಂಚು ಬಿಗಿಯಾಗಿ ಕೂಡದಿದ್ದರೆ ಬಾಣಲೆಯಲ್ಲಿ ಬಾಯಿಬಿಟ್ಟು ಹೂರಣ ಎಣ್ಣೆಗೆ ಸೇರುತ್ತದೆ, ಸಕ್ಕರೆ ಕರಗಿ ಎಣ್ಣೆ ಕಪ್ಪಾಗುತ್ತದೆ, ಮುಂದಿನ ಇಡೀ ಸುತ್ತು ಕೆಡುತ್ತದೆ. ಬಾಯಿಬಿಟ್ಟದ್ದು ಯಾರ ಕೈಯದು ಎಂಬ ತನಿಖೆ ಆಗ ನಡೆಯುತ್ತದೆ.

ಇನ್ನೂ ಸಣ್ಣವರಿಗೆ ಕಿಡಿಯೊ ತಕ್ಕ ಕೆಲಸ. ಗೋಲಿಯಷ್ಟು ಹಿಟ್ಟನ್ನು ತೊಳೆದ ಹೊಸ ಹಣಿಗೆಯ ಮೇಲೋ ಫೋರ್ಕಿನ ಬೆನ್ನ ಮೇಲೋ ಹೆಬ್ಬೆಟ್ಟಿನಿಂದ ಒತ್ತಿ ಸುರುಳಿ ಮಾಡಿದರೆ ಗೆರೆಗೆರೆಯ ಹುಳುವಿನಂತೆ ಕಾಣುತ್ತದೆ. ನಾಲ್ಕು ವರ್ಷದ ಮಗು ಮಾಡಿದ್ದು ವಕ್ರವಾಗಿದ್ದರೂ ಎಣ್ಣೆಗೆ ಬಿದ್ದ ಮೇಲೆ ರುಚಿ ಒಂದೇ. ಒಲೆಯಿರುವ ಕೋಣೆಗೂ ಹಿಟ್ಟು ಒತ್ತುವ ಕೋಣೆಗೂ ನಡುವೆ ಒಂದು ಹೊಸ್ತಿಲಿರಲಿ. ಕಾದ ಎಣ್ಣೆಯ ಬಾಣಲೆ ನೆಲದ ಒಲೆಯ ಮೇಲಿರುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

ಕೇಕ್ ಇಲ್ಲಿ ಬೇಕರಿಯದೇ ಹೆಚ್ಚು. ಅದರಲ್ಲೊಂದು ಸೂಕ್ಷ್ಮವಿದೆ. ಜೈನರು, ಲಿಂಗಾಯತರು ತುಂಬಿರುವ ಊರುಗಳಿವು. ಓಣಿಗೆ ಹಂಚುವ ತಟ್ಟೆಯಲ್ಲಿ ಮೊಟ್ಟೆ ಹಾಕದ ಕೇಕನ್ನೇ ಇಡುವುದು, ಇಲ್ಲವೆ ಕೇಕ್ ಬಿಟ್ಟು ಫರಾಳವನ್ನಷ್ಟೇ ಕಳಿಸುವುದು ತಿಳಿದವರ ರೀತಿ. ತಟ್ಟೆ ಒಯ್ಯುವ ಮಗುವಿಗೆ ‘ತತ್ತಿ ಹಾಕಿಲ್ರೀ ಅನ್ನು’ ಎಂದು ಹೇಳಿ ಕಳಿಸುತ್ತಾರೆ. ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಇದೇ ಸೂಕ್ಷ್ಮ ಇನ್ನೂ ದೂರ ಹೋಗಿದೆ. ಅಲ್ಲಿಯ ಜೆಸ್ವಿಟ್ ಗುರುಗಳು ಕಾವಿ ಉಟ್ಟು, ಸಸ್ಯಾಹಾರಿಗಳಾಗಿ, ಸ್ವಾಮಿಗಳೆಂದೇ ಕರೆಸಿಕೊಂಡು ಬಾಳಿದವರು. ಅವರ ದೇವಾಲಯದ ಹೆಸರೂ ವಿರಕ್ತಮಠ.

ಹಬ್ಬದ ಹಿಂದಿನ ರಾತ್ರಿಗಳಲ್ಲಿ ಕ್ಯಾರಲ್ ತಂಡ ಮನೆಮನೆಗೆ ಬರುತ್ತದೆ. ಹಾರ್ಮೋನಿಯಂ, ಢೋಲಕಿ, ತಾಳ ಇರುವುದರಿಂದ ದೂರದಿಂದ ಕೇಳಿದವರಿಗೆ ಭಜನೆಯೆಂದೇ ತೋರಬಹುದು. ದೊಡ್ಡವರ ಜತೆ ಕಂಬಳಿ ಹೊದ್ದ ಮಕ್ಕಳೂ ಸುತ್ತುತ್ತಾರೆ. ಈ ಓಡಾಟಕ್ಕೆ ಸಾಂತಾ ವೇಷ ಈಚೆಗೆ ಸೇರಿದ ಭಾಗ. ನಾಲ್ಕನೆಯ ಶತಮಾನದಲ್ಲಿ ಇಂದಿನ ತುರ್ಕಿಯ ಮೀರಾ ಎಂಬಲ್ಲಿ ಬಿಷಪ್ ಆಗಿದ್ದ ನಿಕೊಲಸನೇ ಈ ಮುದುಕನ ಮೂಲ. ಅವನ ಸ್ಮರಣೆಯ ದಿನ ಡಿಸೆಂಬರ್ 6. ಹತ್ತಿಯ ಗಡ್ಡ, ಕೆಂಪು ಮುಖವಾಡ ಕಂಡು ಎರಡು ವರ್ಷದೊಳಗಿನ ಕೂಸುಗಳು ಚೀರುವುದೇ ಹೆಚ್ಚು. ಅಳುವ ಕೂಸನ್ನು ಫೋಟೊಗಾಗಿ ಅವನ ತೊಡೆಯ ಮೇಲೆ ಕೂಡಿಸುವುದು ದೊಡ್ಡವರ ಚಪಲ. ಗಡ್ಡ ತೆಗೆದು ‘ನಾ ನಿಮ್ಮ ಮಾಮಾ’ ಎಂದು ತೋರಿಸಿದರೆ ಐದು ವರ್ಷದವರು ನಕ್ಕು ಮುಂದೆ ಬರುತ್ತಾರೆ, ಆಮೇಲೂ ಅವನನ್ನು ಸಾಂತಾ ಎಂದೇ ನಂಬುತ್ತಾರೆ.

ದೇವಾಲಯದಲ್ಲಿ ಮಕ್ಕಳು ಆಡುವ ಜನನದ ನಾಟಕಕ್ಕೆ ವೇಷಭೂಷಣ ಮನೆಯಲ್ಲೇ ಸಿಗುತ್ತದೆ. ಮರಿಯಳಿಗೆ ಆಯಿಯ ನೀಲಿ ಸೀರೆ, ಯೋಸೇಫನಿಗೆ ಅಜ್ಜನ ಧೋತರ, ದೇವದೂತರಿಗೆ ಜರಿಯ ರೆಕ್ಕೆ. ಕುರುಬರ ಪಾತ್ರ ಮಾಡುವವರಿಗೆ ಕಂಬಳಿ, ಕೋಲು. ಚಿಕ್ಕೋಡಿ, ರಾಯಬಾಗದ ನೆಲದಲ್ಲಿ ಈ ಪಾತ್ರಕ್ಕೆ ಬೇರೆಯದೇ ಜೀವವಿದೆ. ಕುರಿಗಾರರು ಊರೂರು ತಿರುಗಿ, ಪೈರು ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಹಿಂಡು ನಿಲ್ಲಿಸಿ, ಬಯಲಲ್ಲೇ ಬೆಂಕಿ ಹಾಕಿ, ತೋಳದ ಭಯಕ್ಕೆ ನಾಯಿ ಕಟ್ಟಿಕೊಂಡು ಕಾಯುವ ಸೀಮೆ ಇದು. ಏಕಸಂಬಿಯ ಬೀರೇಶ್ವರ ಕುರುಬರ ದೇವರು. ಹೊಲದಲ್ಲಿ ರಾತ್ರಿ ಕುರಿ ಕಾಯುತ್ತಿದ್ದವರಿಗೇ ಮೊದಲು ಸುದ್ದಿ ಮುಟ್ಟಿತು ಎಂಬ ಸುವಾರ್ತೆಯ ಮಾತನ್ನು ಇಲ್ಲಿಯ ಮಗು ಬಸ್ಸಿನ ಕಿಟಕಿಯಿಂದಲೇ ಕಂಡಿರುತ್ತದೆ.

24ರ ರಾತ್ರಿಯ ಪೂಜೆ ಅಥವಾ ಆರಾಧನೆಗೆ ಹಳ್ಳಿಯ ಕುಟುಂಬಗಳು ಟೆಂಪೊ ಮಾಡಿಕೊಂಡು ಹತ್ತಿರದ ಪಟ್ಟಣಕ್ಕೆ, ಅನುಕೂಲವಿದ್ದವರು ಬೆಳಗಾವಿ, ಮಿರಜ, ಕೊಲ್ಲಾಪುರಕ್ಕೂ ಹೋಗುತ್ತಾರೆ. ಹೊಲಗಳ ನಡುವಿನ ರಸ್ತೆಯಲ್ಲಿ ಚಳಿ ಎಲುಬಿಗೆ ಹತ್ತುತ್ತದೆ. ಕೂಸುಗಳಿಗೆ ಕುಂಚಿಗೆ, ಮಲಗಿದವರಿಗೆ ಕೌದಿ. ದೇವಾಲಯದ ಹಿಂದಿನ ಗೋಡೆಗುಂಟ ಕೌದಿಗಳ ಸಾಲು, ಅದರೊಳಗೆ ಜರಿಯ ರೆಕ್ಕೆ ಕಟ್ಟಿಕೊಂಡೇ ನಿದ್ದೆಹೋದ ದೇವದೂತರು. ಸಂಜೆ ಊಟ ಮಾಡಿಸಿ ಒಂದು ಸುತ್ತು ಮಲಗಿಸಿ ಕರೆತಂದ ಮಕ್ಕಳು ಮಧ್ಯರಾತ್ರಿ ಗಂಟೆ ಹೊಡೆದಾಗ ಎದ್ದು ಕೂಡುತ್ತಾರೆ. ಉಪವಾಸ, ಉತ್ಸಾಹ ಎರಡರಲ್ಲೂ ಬಂದವರು ಅಳುತ್ತಾರೆ.

25ರ ಬೆಳಿಗ್ಗೆ ಹೊಸ ಬಟ್ಟೆ. ಮಕ್ಕಳು ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡುವ ರೂಢಿ ಬಿಟ್ಟುಹೋಗಿಲ್ಲ. ಅಜ್ಜನ ಕೈಯಿಂದ ನೋಟು ಬರುತ್ತದೆ. ಇಪ್ಪತ್ತು ಮೊಮ್ಮಕ್ಕಳಿದ್ದರೆ ಎಲ್ಲರಿಗೂ ಒಂದೇ ಮೊತ್ತ. ಪುಣೆಯ ಕಾಕಾ ತನ್ನ ಮಗನಿಗೆ ತಂದ ರಿಮೋಟ್ ಕಾರನ್ನು ಎಲ್ಲರ ಮುಂದೆ ತೆಗೆದರೆ ಹಬ್ಬ ಅಲ್ಲಿಗೆ ಮುಗಿಯಿತು. ಅನುಭವಸ್ಥ ಮನೆಗಳಲ್ಲಿ ಅಂಥದ್ದು ಚೀಲದಲ್ಲೇ ಉಳಿದು, ಕ್ರಿಕೆಟ್ ಬ್ಯಾಟು, ಕೇರಂ ಬೋರ್ಡಿನಂಥ ಒಟ್ಟಿನ ಕಾಣಿಕೆ ಹೊರಗೆ ಬರುತ್ತದೆ. ಮಧ್ಯಾಹ್ನದ ಊಟದಲ್ಲಿ ಕೊಲ್ಲಾಪುರದ ಗಾಳಿ ಕಾಣುತ್ತದೆ: ಮಟನ್, ಕೆಂಪು ರಸ್ಸಾ, ಬಿಳಿ ರಸ್ಸಾ, ಜೋಳದ ರೊಟ್ಟಿ, ಅನ್ನ. ಕೊಂಕಣಿ ಮನೆಗಳಲ್ಲಿ ಸನ್ನ, ಸೊರ್ಪೊತೆಲ್. ಮಾಂಸ ಮುಟ್ಟದ ಸ್ನೇಹಿತರಿಗೆ, ಬೇರೆ ಸಮಾಜದ ಬೀಗರಿಗೆ ಹೋಳಿಗೆಯ ಪ್ರತ್ಯೇಕ ಪಂಕ್ತಿ, ಪ್ರತ್ಯೇಕ ಪಾತ್ರೆ. ಮಕ್ಕಳು ಎರಡೂ ಪಂಕ್ತಿಯಲ್ಲಿ ಉಣ್ಣುತ್ತಾರೆ.

ಊಟವಾದ ಮೇಲೆ ಪಟ್ಟಣದಿಂದ ಬಂದ ಮಕ್ಕಳನ್ನು ಬೆಲ್ಲದ ಗಾಣಕ್ಕೆ ಕರೆದೊಯ್ಯುವುದುಂಟು. ಕಬ್ಬಿನ ಹಾಲು, ಬಿಸಿ ಬೆಲ್ಲ, ಕೊಪ್ಪರಿಗೆಯ ಹೊಗೆ. ಕೆಲವು ವರ್ಷ ಎಳ್ಳ ಅಮಾವಾಸ್ಯೆ ಇದೇ ವಾರದಲ್ಲಿ ಬೀಳುತ್ತದೆ. ಆಗ ನೆರೆಯವರು ಚರಗ ಚೆಲ್ಲಲು ಹೊಲಕ್ಕೆ ಹೊರಟ ಬಂಡಿಯಲ್ಲಿ ನಾತಾಳದ ಮಕ್ಕಳಿಗೂ ಜಾಗ. ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿಯ ಬುತ್ತಿಯಲ್ಲಿ ಪಾಲು.

ವರ್ಷದ ಕೊನೆಯ ರಾತ್ರಿ ಬೆಳಗಾವಿಯ ಮಕ್ಕಳಿಗೆ ಇನ್ನೊಂದು ಸಂಭ್ರಮವಿದೆ, ‘ಓಲ್ಡ್ ಮ್ಯಾನ್’ ಸುಡುವುದು. ಹಳೆಯ ವರ್ಷವೆಂದರೆ ಹಳೆಯ ಮುದುಕ. ಬಿದಿರು, ಹುಲ್ಲು, ಕಾಗದ, ಹಳೆ ಪ್ಯಾಂಟು ಶರ್ಟುಗಳಿಂದ ಅವನ ಬೊಂಬೆ ಮಾಡಿ ಡಿಸೆಂಬರ್ 31ರ ಮಧ್ಯರಾತ್ರಿ ಬೆಂಕಿ ಇಡುತ್ತಾರೆ. ಗೋವೆಯಲ್ಲೂ ಇದೇ ರೂಢಿ. ಕೇರಳದ ಫೋರ್ಟ್ ಕೊಚ್ಚಿಯಲ್ಲಿ ಅವನ ಹೆಸರು ಪಪ್ಪಾಂಜಿ. ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಬೊಂಬೆಗಳು ಮಾರಾಟಕ್ಕೂ ನಿಂತಿರುತ್ತವೆ, ಮಗು ಹೊತ್ತೊಯ್ಯುವಷ್ಟು ಸಣ್ಣದರಿಂದ ಮನೆಯೆತ್ತರದವರೆಗೆ. ಈಗ ಇದು ಕ್ರೈಸ್ತರದ್ದಷ್ಟೇ ಆಗಿ ಉಳಿದಿಲ್ಲ, ಎಲ್ಲ ಓಣಿಗಳದ್ದೂ ಆಗಿದೆ. ಹೊಟ್ಟೆಯೊಳಗೆ ಪಟಾಕಿ ತುಂಬುವುದರಿಂದ ಸಣ್ಣವರನ್ನು ದೂರ ನಿಲ್ಲಿಸಬೇಕು.

ಜನವರಿ 6 ಮೂರು ಜ್ಞಾನಿಗಳ ಹಬ್ಬ. ಗೋದಲಿ ಬಿಚ್ಚುವುದು ಅಂದು, ಅಥವಾ ಅದರ ಸುತ್ತಿನ ಭಾನುವಾರ. ಅಷ್ಟರಲ್ಲಿ ಕಾಕಾ, ಅತ್ತೆಯವರೆಲ್ಲ ಊರಿಗೆ ಮರಳಿ, ಡಬ್ಬಿಯ ತಳದಲ್ಲಿ ಚಿವಡಾದ ಪುಡಿ ಉಳಿದಿರುತ್ತದೆ. ಮೂರ್ತಿಗಳನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಾರೆ. ಒಂದು ಕುರಿಯ ಕಾಲು ಮುರಿದಿರುತ್ತದೆ, ಹುಲಿ ಮತ್ತು ಜೀಪು ಆಟಕ್ಕೆ ಮರಳುತ್ತವೆ. ತಟ್ಟೆಯ ಗೋಧಿ ಸಸಿ ಹಳದಿ ತಿರುಗಿ ಬಾಗಿರುತ್ತದೆ. ದನವಿರುವ ಮನೆಯಾದರೆ ನೀರು ಹಾಕಿದ ಮಗುವೇ ಅದನ್ನು ಬೇರುಸಹಿತ ಕಿತ್ತು, ಮಣ್ಣು ಕೊಡವಿ, ಹಿತ್ತಲ ಗ್ವಾದಲಿಗೆ ಹಾಕಿ ಬರುತ್ತದೆ.